ತಾಸೊತ್ತಿನ ಹಾದಿ: ತವರಿನ ಹಾಡುಗಳ ಬಗ್ಗೆ ಒಂದಿಷ್ಟು ಮಾತು

(ಒಂದು ಭಾನುವಾರದ ಸಂಜೆ ಗೆಳೆಯರ ಕೂಟದಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ, ಒಂದೆರಡು ಕಡೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಳೆಯ ನೆನಪು ತರುವ ಹಾಡುಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಸಿನಿಮಾ ಹಾಡುಗಳ ಬಗ್ಗೆ ಹೇಳುತ್ತೇನೆ ಅಂತ ಬಂದವರಿಗೆ ಸ್ವಲ್ಪ ನಿರಾಸೆ ಆಗಬಹುದು. ನಾನು ಹೇಳಬೇಕು ಅಂದುಕೊಂಡಿರುವುದು ಅದಕ್ಕಿಂತ ಹಳೆಯ, ಬರೆದವರು ಯಾರು ಅಂತಲೇ ಗೊತ್ತಿಲ್ಲದ ಹಾಡುಗಳ ಬಗ್ಗೆ. ಅಂದರೆ ತವರಿನ ಹಾಡುಗಳು. ಎಲ್ಲರೂ ಒಂದಲ್ಲ ಒಂದು ಸಲ ಕೇಳಿರುತ್ತೀರಿ, ಕೇಳಿ ಸುಮ್ನೆ ತಲೆಯಾಡಿಸಿರುತ್ತೀರಿ. ನಾನೂ ಬಹಳ ವರ್ಷ ಅಷ್ಟೇ ಮಾಡಿದ್ದು.

ಮೊದಲು ಒಂದು ತ್ರಿಪದಿ. ಉತ್ತರ ಕರ್ನಾಟಕದ್ದು.

ಕಾಶಿಗೆ ಹೋಗಲಾಕ ಏಸೊಂದು ದಿನ ಬೇಕ
ತಾಸೊತ್ತಿನ ಹಾದಿ ತವರೂರು – ಮನೆಯಾಗ
ಕಾಶಿ ಕುಂತಾಳ ಹಡೆದವ್ವ

ತಾಯಿಯೇ ಕಾಶಿ, ಸರಿ. ಆ ಮಾತಿಗೆ ಎಲ್ಲರೂ ವ್ಹಾ ಅನ್ನುತ್ತಾರೆ, ಹಿಂದಿನ ಸಾಲನ್ನು ಬಿಟ್ಟುಬಿಡುತ್ತಾರೆ. ತಾಸೊತ್ತಿನ ಹಾದಿ! ತಾಸು ಅಂದರೆ ಒಂದು ಗಂಟೆ. ನಡೆದುಕೊಂಡು ಹೋದರೂ ಒಂದು ಗಂಟೆ. ನಾವು ಇವತ್ತು ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್ ದಾಟುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ತಗೊಳ್ಳುತ್ತೇವೆ. ಇಷ್ಟು ಹತ್ತಿರ ಇರುವ ಊರಿಗಾಗಿ ಒಬ್ಬ ಹೆಂಗಸು ಇಷ್ಟು ಹಂಬಲಿಸುತ್ತಾಳಲ್ಲ, ಯಾಕೆ?

ಹೋಗುವ ಹಾಗಿರಲಿಲ್ಲ, ಅದಕ್ಕೆ. ದಾರಿ ಗೊತ್ತು, ಕಾಲಲ್ಲಿ ಶಕ್ತಿ ಇದೆ, ಗುಡ್ಡದ ಆಚೆಗೆ ಊರು ಇದೆ. ಆದರೆ ಗಂಡನ ಮನೆಯವರು ಕಳಿಸಬೇಕು, ತವರಿನವರು ಬಂದು ಕರೆಯಬೇಕು. ಇವೆರಡೂ ಕೂಡಿ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ. ಈ ಹಾಡುಗಳಲ್ಲಿ ಇರುವ ಹಂಬಲ ದೂರದಿಂದ ಹುಟ್ಟಿದ್ದಲ್ಲ, ಅಪ್ಪಣೆ ಇಲ್ಲದ್ದರಿಂದ ಹುಟ್ಟಿದ್ದು. ಇದನ್ನು ತಲೆಯಲ್ಲಿಟ್ಟುಕೊಂಡು ಕೇಳಿದರೆ ಹಾಡು ಬೇರೆಯದೇ ಆಗಿ ಕೇಳಿಸುತ್ತದೆ.

ನಾಗರಪಂಚಮಿಯ ಹಾಡನ್ನೇ ನೋಡಿ. "ಪಂಚಮಿ ಹಬ್ಬ ಉಳಿದಾವ ದಿನ ನಾಕ, ಅಣ್ಣ ಬರಲಿಲ್ಲ ಯಾಕ ಕರಿಲಾಕ." ಧಾರವಾಡ, ವಿಜಯಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಂಚಮಿ ಅಂದರೆ ಅಲ್ಲಿ ಹೆಣ್ಣುಮಕ್ಕಳ ಹಬ್ಬ. ಮದುವೆಯಾದ ಮಗಳು ತವರಿಗೆ ಬರಬೇಕು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಬೇಕು, ಅಳ್ಳು ಹುರಿಯಬೇಕು, ಮರಕ್ಕೆ ಹಗ್ಗ ಕಟ್ಟಿ ಜೋಕಾಲಿ ಜೀಕಬೇಕು. ಅದಕ್ಕೆ ಅಣ್ಣ ಬಂದು ಕರೆದುಕೊಂಡು ಹೋಗಬೇಕು. ತಾನೇ ಬುತ್ತಿ ಕಟ್ಟಿಕೊಂಡು ಹೊರಟರೆ ಮರ್ಯಾದೆ ಅಲ್ಲ, ಎರಡೂ ಮನೆಗೆ. ಹಾಗಾಗಿ ಅವಳು ದಿನ ಎಣಿಸುತ್ತಾಳೆ. ನಾಲ್ಕು ದಿನ ಇದೆ, ಅಣ್ಣ ಬಂದಿಲ್ಲ. ಅಣ್ಣನಿಗೆ ಹೊಲದಲ್ಲಿ ಕೆಲಸ ಇದೆಯೋ, ಅತ್ತಿಗೆ ಬೇಡ ಅಂದಳೋ, ಮರೆತೇಬಿಟ್ಟನೋ. ಆ "ಯಾಕ" ಅನ್ನುವುದರಲ್ಲಿ ಅಷ್ಟೂ ಅನುಮಾನ ಇದೆ. ಅದರ ಮೇಲೆ, ಪಕ್ಕದ ಮನೆಯ ಸೊಸೆಯ ಅಣ್ಣ ಆಗಲೇ ಬಂದು ಕರೆದುಕೊಂಡು ಹೋಗಿರುತ್ತಾನೆ! ಅದು ಇನ್ನೂ ಸಂಕಟ.

ಇಲ್ಲಿ ಸ್ವಲ್ಪ ಯುರೋಪಿಗೆ ಹೋಗಿ ಬರೋಣ, ಬೇಗ ವಾಪಸ್ ಬರುತ್ತೇವೆ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ ಊರಿನ ಹಂಬಲವನ್ನು ಒಂದು ಕಾಯಿಲೆ ಅಂತಲೇ ಪ್ರಬಂಧ ಬರೆದ. ಆಗ ಸ್ವಿಸ್ ಹುಡುಗರು ಬೇರೆ ಬೇರೆ ರಾಜರ ಸೈನ್ಯದಲ್ಲಿ ಸಂಬಳಕ್ಕೆ ಹೋಗುತ್ತಿದ್ದರು. ಆಮೇಲೆ 1768ರಲ್ಲಿ ರೂಸೋ ತನ್ನ ಸಂಗೀತ ನಿಘಂಟಿನಲ್ಲಿ ಒಂದು ಸಂಗತಿ ಹೇಳಿದ. ಸ್ವಿಸ್ ದನಗಾಹಿಗಳು ದನ ಕರೆಯುವಾಗ ನುಡಿಸುವ ಒಂದು ಧಾಟಿ ಇದೆಯಂತೆ. ಅದನ್ನು ಕೇಳಿದರೆ ಈ ಸೈನಿಕರು ಅಳುತ್ತಿದ್ದರಂತೆ, ಸೈನ್ಯ ಬಿಟ್ಟು ಓಡಿಹೋಗುತ್ತಿದ್ದರಂತೆ, ಕೆಲವರು ಸಾಯುತ್ತಿದ್ದರಂತೆ. ಹಾಗಾಗಿ ಅದನ್ನು ನುಡಿಸಿದರೆ ಮರಣದಂಡನೆ ಅಂತ ಕಟ್ಟಪ್ಪಣೆ ಮಾಡಿದ್ದರಂತೆ. ಎಷ್ಟು ನಿಜವೋ, ಎಷ್ಟು ದಂತಕಥೆಯೋ. ಆದರೆ ರೂಸೋ ಅದರ ಜೊತೆಗೆ ಒಂದು ಒಳ್ಳೆಯ ಮಾತು ಹೇಳುತ್ತಾನೆ. ಆ ಧಾಟಿಯಲ್ಲಿ ಅಂಥಾ ವಿಶೇಷ ಏನೂ ಇಲ್ಲ, ಹುಡುಕಿದರೂ ಸಿಗಲ್ಲ. ಅಲ್ಲಿ ಸಂಗೀತ ಸಂಗೀತವಾಗಿ ಕೆಲಸ ಮಾಡುತ್ತಿಲ್ಲ, ನೆನಪಿನ ಗುರುತಾಗಿ ಕೆಲಸ ಮಾಡುತ್ತಿದೆ ಅಂತ.

ನಮ್ಮ ಪಂಪ ಅದಕ್ಕೂ ಎಂಟು ಶತಮಾನದ ಹಿಂದೆ, 941ರಲ್ಲಿ, ಬನವಾಸಿ ಯಾವಾಗ ಯಾವಾಗ ನೆನಪಾಗುತ್ತದೆ ಅಂತ ಪಟ್ಟಿ ಕೊಟ್ಟಿದ್ದಾನೆ. ತೆಂಕಣ ಗಾಳಿ ಸೋಕಿದರೆ, ಒಳ್ಳೆಯ ಮಾತು ಕೇಳಿದರೆ, ಇಂಪಾದ ಗೇಯ ಕಿವಿಗೆ ಬಿದ್ದರೆ, ಬಿರಿದ ಮಲ್ಲಿಗೆ ಕಂಡರೆ. ಅಂಕುಶದ ಸಾಲನ್ನು ಭಾಷಣದಲ್ಲಿ ಎಲ್ಲರೂ ಉದುರಿಸುತ್ತಾರೆ, ಪಟ್ಟಿಯನ್ನು ಓದುವವರು ಕಮ್ಮಿ. ಗಾಳಿ, ಹೂವು, ಮಾತು, ಇವುಗಳ ಸಾಲಿನಲ್ಲೇ ಹಾಡನ್ನೂ ಇಟ್ಟಿದ್ದಾನೆ. ಹಾಡಿಗೆ ಪ್ರತ್ಯೇಕ ಮಣೆ ಹಾಕಿಲ್ಲ.

ಈಗ ಸ್ವಿಸ್ ಸೈನಿಕನನ್ನೂ ನಮ್ಮ ಸೊಸೆಯನ್ನೂ ಅಕ್ಕಪಕ್ಕ ನಿಲ್ಲಿಸಿ. ಅವನು ನೂರಾರು ಮೈಲಿ ದೂರದಲ್ಲಿದ್ದಾನೆ, ಆದರೂ ಓಡಿಹೋಗಬಲ್ಲ. ಇವಳು ಒಂದು ಗಂಟೆ ದೂರದಲ್ಲಿದ್ದಾಳೆ, ಓಡಿಹೋಗುವ ಹಾಗಿಲ್ಲ. ಓಡಿಹೋದರೂ ತವರಿನವರೇ ಬುದ್ಧಿ ಹೇಳಿ ವಾಪಸ್ ಬಿಟ್ಟು ಬರುತ್ತಾರೆ. ಅವನಿಗೆ ಹಾಡಿದರೆ ಶಿಕ್ಷೆ. ಇವಳಿಗೆ ಹಾಡುವುದೊಂದಕ್ಕೇ ಅಡ್ಡಿ ಇರಲಿಲ್ಲ.

ಇನ್ನು ನನಗೆ ಬಹಳ ಇಷ್ಟದ ಹಾಡಿಗೆ ಬರುತ್ತೇನೆ. "ಭಾಗ್ಯಾದ ಬಳೆಗಾರ ಹೋಗಿ ಬಾ ನನ್ ತವರೀಗೆ." ಸ್ಕೂಲ್ ಡೇಗಳಲ್ಲಿ ಮಕ್ಕಳು ಕುಣಿದೂ ಕುಣಿದೂ ಇದು ಏನೋ ಖುಷಿಯ ಹಾಡು ಅನ್ನಿಸುವ ಹಾಗಾಗಿದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಬಳೆಗಾರ ಯಾರು? ಹೆಗಲ ಮೇಲೆ ಬಳೆಯ ಮಲಾರ ಹಾಕಿಕೊಂಡು ಊರಿಂದ ಊರಿಗೆ ತಿರುಗುವವನು. ಮನೆಯ ಹೆಂಗಸರ ಕೈ ಹಿಡಿದು, ಬೆರಳು ಕೂಡಿಸಿ, ಮೆಲ್ಲಗೆ ಒತ್ತಿ ಬಳೆ ಏರಿಸುವ ಹೊರಗಿನ ಗಂಡಸು ಅವನೊಬ್ಬನೇ. ಅಷ್ಟು ಹೊತ್ತು ಎದುರಿಗೆ ಕೂತಿರುತ್ತಾನೆ, ಮಾತು ಆಡಲೇಬೇಕು. ಯಾವ ಊರಲ್ಲಿ ಯಾರಿಗೆ ಮಗು ಆಯಿತು, ಎಲ್ಲಿ ಮಳೆ ಬಂತು, ಎಲ್ಲ ಅವನಿಗೆ ಗೊತ್ತು. ಹಾಗಾಗಿ ಇವಳು ಅವನನ್ನು ಹಿಡಿಯುತ್ತಾಳೆ. ನನ್ನ ತವರಿಗೆ ಹೋಗಿ ಬಾ ಅನ್ನುತ್ತಾಳೆ. ಅವನು ಏನನ್ನುತ್ತಾನೆ?

ನಿನ್ನ ತವರೂರ ನಾನೇನು ಬಲ್ಲೆನು
ಗೊತ್ತಿಲ್ಲ ಎನಗೆ ಗುರಿಯಿಲ್ಲ ಎಲೆ ಬಾಲೆ
ತೋರಿಸು ಬಾರೆ ತವರೂರ

ತೋರಿಸು ಬಾರೆ. ಬಂದು ತೋರಿಸು ಅಂತ. ಪಾಪ, ಅವನು ಸಹಜವಾಗಿ ಹೇಳಿದ್ದಾನೆ, ಅಡ್ರೆಸ್ ಕೇಳುವವರು ಹೇಳುವ ಹಾಗೆ. ಆದರೆ ಅವಳಿಗೆ ಆಗದ ಕೆಲಸ ಅಂದರೆ ಅದೊಂದೇ! ಬರುವುದಕ್ಕೆ ಆಗುವುದಾದರೆ ಅವನನ್ನು ಯಾಕೆ ಕಳಿಸುತ್ತಿದ್ದಳು? ನನಗೆ ಬರುವುದಕ್ಕೆ ಆಗಲ್ಲಪ್ಪ ಅಂತ ಅವಳು ಹೇಳುವುದಿಲ್ಲ. ಸೀದಾ ದಾರಿ ಹೇಳುವುದಕ್ಕೆ ಶುರು ಮಾಡುತ್ತಾಳೆ.

ಬಾಳೆ ಬಲಕ್ಕೆ ಬೀಡು ಸೀಬೆ ಎಡಕ್ಕೆ ಬೀಡು
ನಟ್ಟನಡುವೇಲಿ ನೀ ಹೋಗು ಬಳೆಗಾರ
ಅಲ್ಲಿಹುದೆನ್ನ ತವರೂರು

ಬಾಳೆಯನ್ನು ಬಲಕ್ಕೆ ಬಿಡು, ಸೀಬೆಯನ್ನು ಎಡಕ್ಕೆ ಬಿಡು, ನಡುವೆ ಹೋಗು. ಆಮೇಲೆ ಹಂಚಿನ ಮನೆ, ಕಂಚಿನ ಕದ, ಮಿಂಚಾಡುವ ಎರಡು ಗಿಣಿ. ಆಲೆ ಆಡುತ್ತಿರುತ್ತದೆ, ಗಾಣ ತಿರುಗುತ್ತಿರುತ್ತದೆ. ಮುತ್ತಿನ ಚಪ್ಪರದ ಕೆಳಗೆ ಪಗಡೆ ಆಡುತ್ತಿರುತ್ತಾಳಲ್ಲ, ಅವಳೇ ನನ್ನ ಹಡೆದವ್ವ. ಒಂದು ಸಲಕ್ಕೂ ನನಗೆ ದುಃಖ ಆಗಿದೆ ಅನ್ನುವುದಿಲ್ಲ, ಅತ್ತೆ ಬೈತಾಳೆ ಅನ್ನುವುದಿಲ್ಲ, ಅವ್ವನನ್ನು ನೋಡಬೇಕು ಅನ್ನಿಸುತ್ತಿದೆ ಅಂತಲೂ ಅನ್ನುವುದಿಲ್ಲ. ಬರೀ ದಾರಿ. ದಾರಿ ಹೇಳುತ್ತಾ ಹೇಳುತ್ತಾ ಅವಳು ಆ ದಾರಿಯಲ್ಲಿ ನಡೆದುಬಿಡುತ್ತಾಳೆ, ನಡುಮನೆವರೆಗೂ ಹೋಗಿ ಅವ್ವನ ಮುಂದೆ ನಿಲ್ಲುತ್ತಾಳೆ. ಬಳೆಗಾರ ಇನ್ನೂ ಇಲ್ಲೇ ಕೂತಿದ್ದಾನೆ!

ಕೊನೆಗೆ ಏನು ಹೇಳಿ ಕಳಿಸುತ್ತಾಳೆ ಅಂದರೆ, ಅಚ್ಚ ಕೆಂಪಿನ ಬಳೆ, ಹಸಿರು ಗೀರಿನ ಬಳೆ ಅಂದರೆ ನನ್ನ ಹಡೆದವ್ವನಿಗೆ ಬಲು ಆಸೆ, ತಗೊಂಡು ಹೋಗು ಅಂತ. ಅಷ್ಟೇ ಸಂದೇಶ. ಅವ್ವನಿಗೆ ಯಾವ ಬಣ್ಣ ಇಷ್ಟ ಅನ್ನುವುದು ಮಗಳಿಗೆ ಗೊತ್ತು, ಆ ಬಳೆ ನೋಡಿದರೆ ಕಳಿಸಿದವರು ಯಾರು ಅಂತ ಅವ್ವನಿಗೂ ಗೊತ್ತಾಗುತ್ತದೆ. ಬೇರೆ ಮಾತು ಯಾಕೆ ಬೇಕು.

ನಮ್ಮ ದೊಡ್ಡಮ್ಮ ಈ ಹಾಡನ್ನು ಹಾಡುತ್ತಿದ್ದರು, ಮಂಡ್ಯದ ಕಡೆಯವರು. ಅವರ ತವರನ್ನು ನಾನು ನೋಡಿದ್ದೇನೆ. ಗಾಣ ಇರಲಿಲ್ಲ, ನವಿಲು ಇರಲಿಲ್ಲ, ಕಂಚಿನ ಕದ ದೂರದ ಮಾತು. ಮೊದಲು ಅದು ಸೋಗೆ ಹೊದಿಸಿದ ಮನೆ ಆಗಿತ್ತಂತೆ. ಹಾಗಾದರೆ ಹಂಚಿನ ಮನೆ ಅಂತ ಯಾಕೆ ಹಾಡ್ತೀಯ ದೊಡ್ಡಮ್ಮ ಅಂದೆ. "ಹಾಡ್ನಲ್ಲಾದ್ರೂ ಹಂಚಿರ್ಲಿ ಬುಡು ಮಗ" ಅಂದರು. ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾಗಿ ಹೇಳಿಲ್ಲ. ಹಾಡಿನ ತವರು ಇದ್ದ ತವರು ಅಲ್ಲ ಅನ್ನುವುದು ಹಾಡುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೇಳುವ ನಮಗೇ ಗೊತ್ತಿರುವುದಿಲ್ಲ.

ಈಗ ಈ ಹಾಡುಗಳು ಹುಟ್ಟಿದ ಜಾಗದ ಬಗ್ಗೆ. ಬಹಳಷ್ಟು ಹುಟ್ಟಿದ್ದು, ಬೆಳೆದದ್ದು ಬೀಸುಕಲ್ಲಿನ ಮುಂದೆ. ಬೆಳಗಿನ ಜಾವ, ಕೋಳಿ ಕೂಗುವುದಕ್ಕೂ ಮುಂಚೆ. ಕೆಳಗಿನ ಕಲ್ಲು ಕದಲುವುದಿಲ್ಲ, ಮೇಲಿನ ಕಲ್ಲು ತಿರುಗುತ್ತದೆ. ಮೇಲಿನ ಕಲ್ಲಿಗೆ ಒಂದು ಮರದ ಗೂಟ. ಎದುರುಬದುರು ಕೂತು ಇಬ್ಬರು ಹೆಂಗಸರು ಅದೇ ಗೂಟ ಹಿಡಿದು ತಿರುಗಿಸಬೇಕು. ಒಬ್ಬಳು ನಡುವೆ ನಡುವೆ ಹಿಡಿ ಹಿಡಿ ರಾಗಿಯನ್ನೋ ಜೋಳವನ್ನೋ ಕಲ್ಲಿನ ಬಾಯಿಗೆ ಹಾಕುತ್ತಾಳೆ. ರಟ್ಟೆ ಬಿದ್ದುಹೋಗುವ ಕೆಲಸ. ಇಬ್ಬರ ಕೈಯೂ ಒಂದೇ ಲಯದಲ್ಲಿ ಇಲ್ಲದಿದ್ದರೆ ಕಲ್ಲು ಸರಿಯಾಗಿ ತಿರುಗುವುದಿಲ್ಲ. ಹಾಡು ಬರುವುದು ಮೊದಲು ಆ ಲಯಕ್ಕೆ. ದುಃಖ ಆಮೇಲೆ ಬಂದು ಸೇರಿಕೊಂಡದ್ದು.

ತ್ರಿಪದಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೂರು ಸಾಲು, ಹನ್ನೊಂದು ಗಣ. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದದ್ದೆಲ್ಲ ವಿಷ್ಣುಗಣ ಅಂತ ಛಂದಸ್ಸಿನ ಮೇಷ್ಟ್ರು ಹೇಳುತ್ತಾರೆ. ಅದು ಬೇಡ, ಹಾಡುವ ರೀತಿ ನೋಡಿ. ಎರಡನೇ ಸಾಲಿನ ಕೊನೆಯಲ್ಲಿ "ಬಳೆಗಾರ" ಅಂತಲೋ "ಮನೆಯಾಗ" ಅಂತಲೋ ಒಂದು ತುಣುಕು ನೇತಾಡುತ್ತಾ ಇರುತ್ತದೆ. ಹಾಡುವಾಗ ಆ ಸಾಲನ್ನು ಮತ್ತೆ ಎತ್ತಿಕೊಂಡು, ಆ ತುಣುಕಿನ ಮೇಲೆ ನಿಂತು, ಆಮೇಲೆ ಮೂರನೇ ಸಾಲಿಗೆ ಇಳಿಯುತ್ತಾರೆ. ಬರೆದರೆ ಮೂರು, ಹಾಡಿದರೆ ನಾಲ್ಕು. ಹಾಗೆ ನಿಲ್ಲುವಾಗ ಎದುರಿಗೆ ಕೂತವಳಿಗೆ ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೂ ಕಾಯಬೇಕು. ಹಂಬಲ ಅನ್ನುವುದು ಅರ್ಥದಲ್ಲಿ ಎಷ್ಟಿದೆಯೋ ಈ ಕಾಯುವುದರಲ್ಲೂ ಅಷ್ಟೇ ಇದೆ ಅಂತ ನನಗನ್ನಿಸುತ್ತದೆ. ಇದು ಎಷ್ಟು ಹಳೆಯ ಮಟ್ಟು ಅಂದರೆ, ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ. ಸುಮಾರು ಕ್ರಿ.ಶ. 700ರದ್ದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಶುರುವಾಗುತ್ತದೆ. ಅಲ್ಲಿ ಅದು ಒಬ್ಬ ಬಲಶಾಲಿಯ ಹೊಗಳಿಕೆ. ಅದೇ ಮಟ್ಟಿನಲ್ಲಿ ಸಾವಿರಾರು ಅಡುಗೆಮನೆಗಳಲ್ಲಿ ಹೆಣ್ಣುಮಕ್ಕಳು ಅವ್ವನನ್ನು ನೆನೆದರು, ಅದನ್ನು ಯಾರೂ ಬಂಡೆಯ ಮೇಲೆ ಕೆತ್ತಲಿಲ್ಲ.

ಬೀಸುಕಲ್ಲಿನ ಸದ್ದು ಜೋರು. ಆ ಸದ್ದಿನ ಮರೆಯಲ್ಲಿ ಏನು ಹಾಡಿದರೂ ನಡೆಯುತ್ತದೆ, ಹಾಡಲ್ವಾ ಅಂತ ಹೇಳಿ ಜಾರಿಕೊಳ್ಳಬಹುದು. ಬಾಯಿಬಿಟ್ಟು ಹೇಳಿದರೆ ಜಗಳ ಆಗುವ ಮಾತನ್ನು ಅತ್ತೆಗೆ ಕೇಳಿಸುವ ಹಾಗೆ ಹಾಡಬಹುದು. ಕೆಲವು ಹಾಡು ಅತ್ತೆಗೆ ಕೇಳಿಸಲಿ ಅಂತಲೇ ಕಟ್ಟಿದ್ದು ಅಂತ ನನ್ನ ಗುಮಾನಿ.

ಆದರೆ ಎದುರಿಗೆ ಕೂತವಳು ಯಾರು? ಇದನ್ನು ಕೇಳಿಕೊಂಡ ಮೇಲೆ ನನಗೆ ಈ ಹಾಡುಗಳು ನಿಜವಾಗಿ ಅರ್ಥ ಆಗುವುದಕ್ಕೆ ಶುರುವಾಯಿತು. ಅತ್ತಿಗೆ ಮತ್ತು ನಾದಿನಿ ಕೂತಿದ್ದಾರೆ ಅಂದುಕೊಳ್ಳಿ. ನಾದಿನಿ ಹಬ್ಬಕ್ಕೆ ತವರಿಗೆ ಬಂದಿದ್ದಾಳೆ. ಒಂದೇ ಮನೆ, ಒಂದೇ ಕಲ್ಲು, ಒಂದೇ ಗೂಟ, ಅದೇ ರಾಗಿ. ಒಬ್ಬಳಿಗೆ ಅದು ತವರು, ಎದುರಿನವಳಿಗೆ ಗಂಡನ ಮನೆ. ಒಬ್ಬಳು ಈ ಮನೆಗಾಗಿ ವರ್ಷವಿಡೀ ಹಂಬಲಿಸಿದ್ದಾಳೆ. ಇನ್ನೊಬ್ಬಳು ಇದೇ ಮನೆಯಲ್ಲಿ ಕೂತು ಬೇರೆ ಮನೆಗಾಗಿ ಹಂಬಲಿಸುತ್ತಾಳೆ. ಇಬ್ಬರೂ ಸೇರಿ ಹಾಡುವುದು ಒಂದೇ ಹಾಡು. ಹಾಗಾಗಿ ತವರು ಅನ್ನುವುದು ಒಂದು ಜಾಗವೇ ಅಲ್ಲ, ಅಲ್ವಾ? ಯಾರು ಎಲ್ಲಿ ಕೂತಿದ್ದಾರೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ.

ಇದನ್ನು ಹಾಡುಗಳೂ ಬಲ್ಲವು. ತವರನ್ನು ಬರೀ ಹೊಗಳುವ ಹಾಡುಗಳಷ್ಟೇ ಇದ್ದಿದ್ದರೆ ನಾನು ಇಷ್ಟು ಮಾತಾಡುತ್ತಿರಲಿಲ್ಲ. ಇದನ್ನು ಕೇಳಿ:

ತಾಯಿಲ್ಲ ತವರೀಗೆ ಹೋಗದಿರು ನನ ಮನವೆ
ನೀರಿಲ್ಲದ ಕೆರೆಗೆ ಕರು ಬಂದು – ತಿರುಗಾಗ
ಆಗ ನೋಡದರ ದುಃಖಗಳ

ಬಾಯಾರಿದ ಕರು ಕೆರೆಯವರೆಗೂ ಬಂದು, ನೀರಿಲ್ಲ ಅಂತ ತಿರುಗಿ ಹೋಗುತ್ತದೆ. ಅವ್ವ ತೀರಿಕೊಂಡಿದ್ದಾಳೆ. ಮನೆ ಇದೆ, ಅಣ್ಣ ಇದ್ದಾನೆ, ಬಾಳೆ ಬಲಕ್ಕೇ ಇದೆ, ಸೀಬೆ ಎಡಕ್ಕೇ ಇದೆ. ಮನೆಯ ಕೀಲಿಕೈ ಈಗ ಅತ್ತಿಗೆಯ ಸೊಂಟದಲ್ಲಿದೆ. ಆ ಅತ್ತಿಗೆಯಾದರೂ ಯಾರು, ತನ್ನ ತವರನ್ನು ಬಿಟ್ಟು ಬಂದು ಇದೇ ಕಲ್ಲಿನಲ್ಲಿ ಬೀಸಿದವಳು. ಇಲ್ಲಿ ಕೆಟ್ಟವರು ಅಂತ ತೋರಿಸುವುದಕ್ಕೆ ಯಾರೂ ಇಲ್ಲ. ಹೋಗುವುದಕ್ಕೆ ಈಗ ಅಪ್ಪಣೆ ಸಿಕ್ಕರೂ ಹೋಗಬೇಕಾದ ಜಾಗ ಉಳಿದಿಲ್ಲ, ಅಷ್ಟೇ.

ಈ ತ್ರಿಪದಿಗಳು ಇಷ್ಟು ದೂರ ಹಬ್ಬಿದ್ದು ಹೇಗೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಮದುವೆಯಾಗಿ ಹೋಗುವ ಹುಡುಗಿ ಸೀರೆ ಪೆಟ್ಟಿಗೆ ಜೊತೆಗೆ ಅವ್ವನ ಹಾಡನ್ನೂ ತಗೊಂಡು ಹೋಗುತ್ತಾಳೆ. ಗಂಡನ ಊರಿನ ಕಲ್ಲಿನ ಮುಂದೆ ಅದನ್ನು ಹಾಡುತ್ತಾಳೆ, ಎದುರಿನವಳು ಕಲಿಯುತ್ತಾಳೆ, ಒಂದೆರಡು ಪದ ಆ ಊರಿನ ಮಾತಿಗೆ ತಿರುಗುತ್ತದೆ. ಅವಳ ಮಗಳು ಅದನ್ನು ಮುಂದಿನ ಊರಿಗೆ. ಹಾಗಾಗಿ ಭೀಮಾ ತೀರದ ಹಾಡಿನ ತಂಗಿಯೊಬ್ಬಳು ಕಾವೇರಿ ತೀರದಲ್ಲಿ ಸಿಕ್ಕರೆ ಆಶ್ಚರ್ಯ ಪಡಬೇಕಾಗಿಲ್ಲ.

ಆಮೇಲೆ ಹಿಟ್ಟಿನ ಗಿರಣಿ ಬಂತು. ಟುಕ್ ಟುಕ್ ಅಂತ ಶುರುವಾಯಿತು, ಕಲ್ಲು ಮೂಲೆ ಸೇರಿತು, ಹಾಡು ನಿಂತಿತು. ಇದನ್ನು ಹೇಳುವಾಗ ಕೆಲವರು ಕಣ್ಣೀರು ಹಾಕುತ್ತಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಬೀಸುಕಲ್ಲಿಗಾಗಿ ಅತ್ತವರಲ್ಲಿ ಬೀಸಿದವರು ಒಬ್ಬರೂ ಇಲ್ಲ! ನಾನು ಕೇಳಿದ ಅಜ್ಜಿಯರೆಲ್ಲ ಗಿರಣಿ ಬಂದದ್ದು ಪುಣ್ಯ ಅಂದರು. ಅವರಿಗೆ ಬೇಕಾಗಿದ್ದದ್ದು ತವರು, ಕಲ್ಲಲ್ಲ. ನಮಗೆ, ಅದನ್ನು ಎಂದೂ ತಿರುಗಿಸದವರಿಗೆ, ಕಲ್ಲು ಬೇಕು, ಹೋಟೆಲಿನ ಮುಂದೆ ಅಲಂಕಾರಕ್ಕೆ ಇಡುವುದಕ್ಕೆ. ಹಾಡಿನ ಒಳಗಿನ ಹಂಬಲ ಒಂದು, ಹಾಡಿನ ಬಗೆಗಿನ ಹಂಬಲ ಇನ್ನೊಂದು. ಎರಡನ್ನೂ ಕಲಸಬಾರದು.

ಅದೃಷ್ಟಕ್ಕೆ ಗಿರಣಿ ಎಲ್ಲ ಕಡೆ ಮುಟ್ಟುವ ಮೊದಲೇ ಕೆಲವರಿಗೆ ಇದರ ಬೆಲೆ ಗೊತ್ತಾಗಿತ್ತು. ವಿಜಯಪುರ ಜಿಲ್ಲೆಯ ಹಲಸಂಗಿ ಅನ್ನುವ ಊರಿನ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮುಂತಾದವರು, ಈ ಹಾಡುಗಳನ್ನು ಬರೆದುಕೊಂಡರು. "ಗರತಿಯ ಹಾಡು" 1931ರಲ್ಲಿ ಬಂತು. ಹಳ್ಳಿಯಲ್ಲೇ ಇದ್ದವರು, ತಮ್ಮ ಮನೆಯ, ನೆರೆಮನೆಯ ಹೆಂಗಸರ ಹಾಡನ್ನು ಕಾವ್ಯ ಅಂತ ಗುರುತಿಸಿದ್ದು ಆ ಕಾಲಕ್ಕೆ ಸಣ್ಣ ವಿಷಯ ಅಲ್ಲ. ಪುಸ್ತಕಕ್ಕೆ ಬಂದಾಗ ಲಯ ಕಳೆದುಹೋಯಿತು ನಿಜ, ಆದರೆ ಪುಸ್ತಕಕ್ಕೆ ಬರದಿದ್ದರೆ ಇವತ್ತು ನಾನು ಇಲ್ಲಿ ನಿಂತು ಏನು ಹೇಳುತ್ತಿದ್ದೆ?

ಆಮೇಲೆ ರೇಡಿಯೋ. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರ ಆಕಾಶವಾಣಿ, 1950ರಲ್ಲಿ ಧಾರವಾಡ ನಿಲಯ. ಆಮೇಲೆ ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ "ನಿತ್ಯೋತ್ಸವ" ಬಂದ ಮೇಲೆ ಭಾವಗೀತೆ ಅನ್ನುವುದು ಮನೆ ಮನೆಯ ಟೇಪ್ ರೆಕಾರ್ಡರಿಗೆ ಬಂತು. ಅದರ ಬೆನ್ನಿಗೇ ಜನಪದ ಗೀತೆಗಳ ಕ್ಯಾಸೆಟ್ಟುಗಳೂ ಬಂದವು. ನನ್ನ ತಕರಾರು ಇಲ್ಲಿದೆ. ಸ್ಟುಡಿಯೋಕ್ಕೆ ಹೋದ ತಕ್ಷಣ ಈ ಹಾಡಿಗೆ ಕೊಳಲು ಸೇರಿತು, ಪಿಟೀಲು ಸೇರಿತು, ಕೀಬೋರ್ಡು ಸೇರಿತು. ಮೊದಲ ಸಾಲು ಬರುವ ಮುಂಚೆಯೇ ಕೊಳಲು ನಮಗೆ ಈಗ ಅಳಿ ಅಂತ ಹೇಳಿಬಿಡುತ್ತದೆ. ಅವಳು ದುಃಖ ಅನ್ನುವ ಪದವನ್ನೇ ಬಾಯಿಗೆ ತರದೆ ಬಾಳೆ, ಸೀಬೆ ಅಂತ ದಾರಿ ಹೇಳುತ್ತಿದ್ದಾಳೆ, ಹಿಂದೆ ಹತ್ತು ಪಿಟೀಲು ಗೋಳಾಡುತ್ತಿವೆ. ಕೆಲವರಿಗೆ ಇಷ್ಟ ಆಗಬಹುದು. ನನಗೆ ಆಗಲ್ಲ.

ಕವಿಗಳು ಈ ಹಾಡನ್ನು ಏನು ಮಾಡಿದರು? ಕೆ.ಎಸ್. ನರಸಿಂಹಸ್ವಾಮಿಯವರನ್ನು ಬಿಟ್ಟು ಇಲ್ಲಿ ಮುಂದೆ ಹೋಗುವ ಹಾಗಿಲ್ಲ. 1942ರ "ಮೈಸೂರು ಮಲ್ಲಿಗೆ"ಯಲ್ಲಿ ಅವರು ಇಡೀ ವ್ಯವಹಾರವನ್ನು ತಿರುಗಿಸಿ ಹಾಕಿಬಿಟ್ಟರು. "ತೌರ ಸುಖದೊಳಗೆನ್ನ ಮರೆತಿಹಳು ಎನ್ನದಿರಿ" ಅಂತ ಹೆಂಡತಿ ತವರಿನಲ್ಲಿ ಕೂತು ಗಂಡನಿಗೆ ಕಾಗದ ಬರೆಯುತ್ತಾಳೆ. ತವರಿಗೆ ಹೋದ ಮೇಲೆ ಹಂಬಲ ಮುಗಿಯಬೇಕಿತ್ತಲ್ಲ, ಅದು ದಿಕ್ಕು ಬದಲಾಯಿಸಿತು ಅಷ್ಟೇ. ಅವರ ಕವಿತೆಯಲ್ಲೂ ಒಬ್ಬ ಬಳೆಗಾರ ಇದ್ದಾನೆ, ಚೆನ್ನಯ್ಯ. ಅವನು ಗಂಡನ ಮನೆ ಬಾಗಿಲಿಗೆ ಬಂದು, ನವಿಲೂರ ಮನೆಯಿಂದ ಒಂದು ನುಡಿ ತಂದಿದ್ದೇನೆ, ನಿಮಗೆ ಬಳೆ ತೊಡಿಸುವುದಕ್ಕಲ್ಲ ಅಂತ ತಮಾಷೆ ಮಾಡುತ್ತಾನೆ. ಜನಪದದ ಬಳೆಗಾರ ತವರು ತಲುಪಿದನೋ ಇಲ್ಲವೋ ಹಾಡು ಹೇಳುವುದಿಲ್ಲ. ಕವಿತೆಯ ಬಳೆಗಾರ ತಲುಪಿದ್ದಾನೆ, ಆದರೆ ಎದುರಿನ ದಿಕ್ಕಿನಿಂದ.

ಅಡಿಗರ "ಯಾವ ಮೋಹನ ಮುರಳಿ" ಬೇರೆ ಜಾತಿಯದು. ಅಲ್ಲಿ ಕರೆಯುವುದು ದೂರದ ತೀರ, ಎಂದೂ ನೋಡದ ಜಾಗ. ಅದನ್ನು "ಅಮೆರಿಕಾ ಅಮೆರಿಕಾ" ಸಿನಿಮಾದಲ್ಲಿ ಬಳಸಿಕೊಂಡ ಮೇಲೆ ಹೊರದೇಶದಲ್ಲಿರುವ ಕನ್ನಡಿಗರು ಅದನ್ನು ತಮ್ಮ ಹಾಡು ಮಾಡ್ಕೊಂಡುಬಿಟ್ಟರು. ಮಜಾ ನೋಡಿ, ಊರು ಬಿಟ್ಟು ಹೋಗು ಅಂತ ಕರೆಯುವ ಹಾಡನ್ನು ಊರು ನೆನಪಾದಾಗ ಕೇಳುತ್ತಾರೆ. ಅವರಿಗೂ ಅಪ್ಪಣೆಯ ಕಾಟ ಇದೆ. ವೀಸಾ, ರಜಾ, ಮಕ್ಕಳ ಸ್ಕೂಲು. ಆದರೆ ಅವರನ್ನು ಆ ಸೊಸೆಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ನನಗೆ ಮನಸ್ಸಿಲ್ಲ.

ನಮ್ಮ ಹರೆಯದಲ್ಲಿ ಕೇಳಿದ ಹಾಡುಗಳೇ ಕೊನೆವರೆಗೂ ಗಟ್ಟಿಯಾಗಿ ಉಳಿಯುತ್ತವೆ ಅಂತ ಮನಶ್ಶಾಸ್ತ್ರದವರು ಹೇಳುತ್ತಾರೆ, ಅದು ನಿಜವೇ. ನಿಮ್ಮ ನಿಮ್ಮ ಕಾಲೇಜು ದಿನಗಳ ಸಿನಿಮಾ ಹಾಡು ನೆನೆಸಿಕೊಳ್ಳಿ, ಸಾಕು. ಆದರೆ ತವರಿನ ಹಾಡು ಆ ಲೆಕ್ಕಕ್ಕೆ ಸಿಗುವುದಿಲ್ಲ. ಎತ್ತಿನ ಗಾಡಿ ಹತ್ತದ, ಬೀಸುಕಲ್ಲು ಮುಟ್ಟದ, ಅಪಾರ್ಟ್‌ಮೆಂಟಿನಲ್ಲೇ ಹುಟ್ಟಿದ ಹುಡುಗಿಗೂ ಅದು ತಟ್ಟುತ್ತದೆ. ದಾರಿ ಹೇಳುವ ಹಾಡಾದ್ದರಿಂದ ಇರಬೇಕು. ಬಾಳೆ ಬಲಕ್ಕೆ ಅಂದ ತಕ್ಷಣ ಕೇಳಿದವರ ತಲೆಯಲ್ಲಿ ಅವರವರ ಬೀದಿ ಬರುತ್ತದೆ. ಆ ಹುಡುಗಿಗೆ ಬಾಳೆಯ ಜಾಗದಲ್ಲಿ ಮೆಡಿಕಲ್ ಶಾಪ್ ಇರಬಹುದು.

ಇಷ್ಟು ಹೇಳಿ ಕೂತೆ. ಆಮೇಲೆ ಪ್ರಶ್ನೆಗಳು.

ಒಬ್ಬರು ಕೇಳಿದರು, ಗಂಡಸರಿಗೆ ತವರು ಇಲ್ವಾ ಸಾರ್? ಒಳ್ಳೆಯ ಪ್ರಶ್ನೆ. ಗಂಡಸು ಹುಟ್ಟಿದ ಮನೆಯಲ್ಲೇ ಇರುತ್ತಿದ್ದ, ಹಾಗಾಗಿ ಅವನಿಗೆ ಭೂಮಿಯ ಮೇಲೆ ತವರು ಬೇಕಾಗಲಿಲ್ಲ. ಅವನು ಅದನ್ನು ಮೇಲೆ ಹುಡುಕಿದ. ಪುರಂದರದಾಸರು "ಅಲ್ಲಿದೆ ನಮ್ಮನೆ ಇಲ್ಲಿ ಬಂದೆ ಸುಮ್ಮನೆ" ಅಂದರು. ಇದು ಕದ ಬಾಗಿಲಿರಿಸಿದ ಕಳ್ಳ ಮನೆ, ಅದು ಪದುಮನಾಭನ ಮನೆ ಅಂತ. ಅದೂ ತವರಿನ ಹಾಡೇ. ಅಪ್ಪಣೆ ಕೊಡುವವನು ಮಾತ್ರ ಬೇರೆ.

ಇನ್ನೊಬ್ಬಳು ಹುಡುಗಿ, ಈಗ ಅಮ್ಮನ ಜೊತೆ ದಿನಾ ವೀಡಿಯೋ ಕಾಲ್ ಮಾಡುತ್ತೇವೆ, ಇಂಥ ಹಾಡು ಇನ್ನು ಹುಟ್ಟುತ್ತಾ ಅಂತ ಕೇಳಿದಳು. ಅದೇ ಹಾಡು ಹುಟ್ಟಲ್ಲ, ಹುಟ್ಟಬೇಕಾಗಿಯೂ ಇಲ್ಲ ಅಂದೆ. ಯಾರಿಗೆ ಎಲ್ಲಿಗೆ ಹೋಗುವ ಹಾಗಿಲ್ಲವೋ ಅಲ್ಲಿ ಬೇರೆ ಏನೋ ಹುಟ್ಟುತ್ತಿರುತ್ತದೆ, ನಮಗೆ ಕೇಳಿಸುತ್ತಿಲ್ಲ ಅಷ್ಟೇ.

ಆಮೇಲೆ ಹಿಂದಿನ ಸಾಲಿನಿಂದ ಹಾಸನದ ಕಡೆಯ ಒಬ್ಬರು ಎದ್ದು ನಿಂತು, ನಮ್ಮೂರಲ್ಲಿ ಸೀಬೆಯೇ ಬಲಕ್ಕೆ, ಬಾಳೆ ಎಡಕ್ಕೆ ಅಂದರು. ಪಕ್ಕದಲ್ಲಿದ್ದ ಇನ್ನೊಬ್ಬರು, ಸೀಬೆ ಎಲ್ಲಿಂದ ಬಂತು, ನಮ್ಮಮ್ಮ ಹಾಡುತ್ತಿದ್ದದ್ದು ಬೇರೆ ಅಂತ ಅಲ್ಲೇ ಎರಡು ಸಾಲು ಹಾಡಿಯೇಬಿಟ್ಟರು. ಮೂರನೆಯವರು ಧಾಟಿ ಸರಿಯಿಲ್ಲ ಅಂದರು. ಆಮೇಲೆ ನನ್ನ ಕಡೆ ಯಾರೂ ನೋಡಲಿಲ್ಲ. ಸಭಾಂಗಣವನ್ನು ಎಂಟು ಗಂಟೆಗೆ ಬಿಟ್ಟುಕೊಡಬೇಕಿತ್ತು, ಹಾಗಾಗಿ ಬಾಳೆ ಯಾವ ಕಡೆ ಅನ್ನುವುದು ತೀರ್ಮಾನ ಆಗಲಿಲ್ಲ.